ಒದ್ದೆ ಬಟ್ಟೆ ಹೊದ್ದ ಚಿಪ್ಪುಗಳು

ಬೇಕರಿ ಮನೆಯವರು ಕಡಲ ದಂಡೆಗೆ ರಜೆಗೆ ಹೋಗುತ್ತಾರಂತೆ ಎಂಬ ಸುದ್ದಿ ಕೇಳಿ ಬೀದಿಯೆಲ್ಲ ನಕ್ಕಿತು. ನಗದೆ ಇನ್ನೇನು ಮಾಡುತ್ತದೆ? ಆ ಮನೆಯ ಯಜಮಾನರು ತಮ್ಮ ಮದುವೆಯ ಮರುದಿನವೇ ಅಂಗಡಿ ತೆರೆದು ಬನ್ನು ಮಾರಿದವರು. ಅಂಥವರು ಹೆಂಡತಿ, ಮಗ, ಸೊಸೆ, ಮೊಮ್ಮಗಳನ್ನು ಕಟ್ಟಿಕೊಂಡು ಹೋಗಿ ಮರಳಿನ ಮೇಲೆ ಕಾಲು ಚಾಚಿ ಕೂರುತ್ತಾರೆಂದರೆ ಹಸುಗೂಸೂ ನಂಬುವುದಿಲ್ಲ.

ಆದರೆ ಹೋಗದೆ ವಿಧಿಯಿರಲಿಲ್ಲ. ಹೋದ ವರ್ಷದಿಂದ ಅವರ ಬ್ರೆಡ್ಡು ಸೀಯತೊಡಗಿತ್ತು. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ, ತಟ್ಟೆಗೆ ತಟ್ಟೆಯೇ ಇದ್ದಿಲಾಗಿ ಹೊರಬರುತ್ತಿತ್ತು. ಯಜಮಾನರು, ಅಂದರೆ ಸೊಸೆಯ ಮಾವ, ಮೊದಲು ಹಿಟ್ಟಿನ ಗಿರಣಿಯವನನ್ನು ಬೈದರು, ಆಮೇಲೆ ಸೌದೆಯವನನ್ನು ಬೈದರು, ಆಮೇಲೆ ಸೊಸೆಯನ್ನು ಬೈದರು. ಕೊನೆಗೆ ಒಲೆಯ ಗೋಡೆಯೇ ಬಿರುಕು ಬಿಟ್ಟಿದೆ, ಶಾಖ ಒಂದೇ ಸಮ ನಿಲ್ಲುತ್ತಿಲ್ಲ ಎಂದು ತೀರ್ಪು ಕೊಟ್ಟು ಮೇಸ್ತ್ರಿಯನ್ನು ಕರೆಸಿದರು. ಹಳೆಯದನ್ನು ಕೆಡವಿ ಹೊಸದು ಕಟ್ಟಬೇಕು, ಅದು ಒಣಗುವ ತನಕ ಬೆಂಕಿ ಹಾಕುವಂತಿಲ್ಲ. "ಮನೇಲಿ ಕೂತ್ರೆ ಇವರು ಮೇಸ್ತ್ರಿ ತಲೆ ತಿಂದು ಹಾಕ್ತಾರೆ. ಎಲ್ಲಾದ್ರೂ ಕರ್ಕೊಂಡು ಹೋಗೋ," ಎಂದು ಅತ್ತೆಯೇ ಮಗನಿಗೆ ಹೇಳಿದ್ದರು.

ಸೊಸೆಯನ್ನು ಬೈಯಲು ಕಾರಣವಿತ್ತು, ಅಥವಾ ಇದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಹಿಂದೆಲ್ಲ ಒಲೆಯ ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕೂರುತ್ತಿದ್ದರು. ಕೆಲಸವೇನೂ ಇಲ್ಲ, ಗಂಡನಿಗೆ ಕಾಟ ಕೊಡುವುದಷ್ಟೇ ಎಂದು ಮನೆಯವರ ತಮಾಷೆ. ಹೋದ ವರ್ಷ ಅವರ ಮಂಡಿ ಹಿಡಿದುಕೊಂಡು, ಬೇಕರಿಯ ಒಳಮನೆಗೆ ಮೆಟ್ಟಿಲಿಳಿಯುವುದು ಆಗದೆ ಹೋಯಿತು. ಅವರ ಜಾಗಕ್ಕೆ ಕೌಂಟರಿನಿಂದ ಸೊಸೆ ಬಂದಳು. ಅವಳು ಬಂದಳು, ಬ್ರೆಡ್ಡು ಸೀಯಿತು. ಇಷ್ಟು ಸಾಕಲ್ಲ ಲೆಕ್ಕ ಹಾಕುವವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸದೇನಲ್ಲ.

ಅವಳು ಹೇಳದೆಯೂ ಇರಲಿಲ್ಲ. "ಮಾವ, ಆಯ್ತು ಅನ್ಸುತ್ತೆ, ತೆಗೀರಿ," ಎಂದು ಎಷ್ಟೋ ಸಲ ಅಂದಿದ್ದಳು. "ನಿನ್ನೆ ಮೊನ್ನೆ ಬಂದವಳು ನನಗೆ ಹೇಳ್ಕೊಡ್ತೀಯಾ?" ಎಂದು ಅವರು ಒಲೆಯ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಕೋಪ ಅವರಿಗೆ ಮೂಗಿನ ತುದಿಯಲ್ಲೇ. ಹೊರಡುವ ಹಿಂದಿನ ದಿನ ಗಂಡನೂ ತನ್ನ ಪಾಲಿನದನ್ನು ಹೇಳಿ ಮುಗಿಸಿದ. "ನೋಡು, ಹೊಸ ಒಲೇಲೂ ಹಿಂಗೇ ಆದ್ರೆ ನೀನು ಒಳಗೆ ಬರೋದು ಬೇಡ. ಮುಂಚಿನ ಹಾಗೆ ಮುಂದೆ ಕೂತು ಪೊಟ್ಟಣ ಕಟ್ಟು. ಆಳು ಇಟ್ಕೋತೀವಿ."

ಅವಳು ಬಟ್ಟೆ ಮಡಿಸುತ್ತ ಹೋದಳು. ಮದುವೆಯಾಗಿ ಬಂದಾಗಿನಿಂದ ಕೌಂಟರಿನ ಹಿಂದೆ ಚಿಲ್ಲರೆ ಎಣಿಸಿದವಳಿಗೆ ಆ ಒಳಮನೆ ಸಿಕ್ಕಿದ್ದು ತವರು ಸಿಕ್ಕಿದ ಹಾಗಾಗಿತ್ತು. ಅಲ್ಲಿನ ಮಬ್ಬು, ಬೆಚ್ಚಗಿನ ಗಾಳಿ, ಹೊದಿಕೆಯಡಿ ಹಿಟ್ಟು ಸದ್ದಿಲ್ಲದೆ ಉಬ್ಬುವುದು, ಎಲ್ಲ ಅವಳಿಗೆ ಪ್ರಾಣ. ಅದನ್ನು ಬಿಟ್ಟು ಮತ್ತೆ ಪೊಟ್ಟಣಕ್ಕೆ ದಾರ ಸುತ್ತುತ್ತ ಕೂರಬೇಕಲ್ಲ ಎಂಬುದನ್ನೇ ಅವಳು ಪೆಟ್ಟಿಗೆಯೊಳಗೆ ಮಡಿಸಿಟ್ಟುಕೊಂಡು ಹೊರಟಳು.

ಬಾಡಿಗೆಗೆ ಹಿಡಿದ ಮನೆ ದಂಡೆಯ ಅಂಚಿನಲ್ಲೇ ಇತ್ತು. ಉಪ್ಪು ಗಾಳಿಗೆ ಚಿಲಕಗಳು ತುಕ್ಕು ಹಿಡಿದಿದ್ದವು, ಬಾಗಿಲಿನ ನೀಲಿ ಬಣ್ಣ ಹೊಪ್ಪಳಿಕೆಯೆದ್ದಿತ್ತು. ಕೆಳಗೆ ಅಡುಗೆಮನೆ, ಎರಡು ಕೋಣೆ, ಮುಂದೆ ಜಗಲಿ. ಮೇಲೆ ಹಲಗೆ ಹಾಸಿದ ಒಂದು ಪುಟ್ಟ ಅಟ್ಟದ ಕೋಣೆ. ಅತ್ತೆಗೆ ಏಣಿ ಹತ್ತಲಾಗದು, ಹಾಗಾಗಿ ಮಾವ ಒಬ್ಬರೇ ಮೇಲೆ ಮಲಗಿದರು.

ಮೊದಲ ದಿನಗಳು ನಿಜಕ್ಕೂ ಕನಸಿನಲ್ಲಿ ನಡೆದ ಹಾಗೆ ನಡೆದವು. ಬೇಕರಿಯವರಲ್ಲವೇ, ಬೆಳಕು ಹರಿಯುವ ಮೊದಲೇ ಎಲ್ಲರಿಗೂ ಎಚ್ಚರ. ಎದ್ದರೆ ನಾದಲು ಹಿಟ್ಟಿಲ್ಲ, ಉರಿಸಲು ಒಲೆಯಿಲ್ಲ. ಜಗಲಿಯಲ್ಲಿ ಸಾಲಾಗಿ ಕೂತು ಚಹಾ ಕುಡಿಯುತ್ತ ಕಡಲು ನೋಡುವುದು. ಕಡಲು ಕಾಣುತ್ತಲೂ ಇರಲಿಲ್ಲ. ಬಿಳಿ ಮಂಜಿನ ಆಚೆ ಯಾರೋ ದೊಡ್ಡವರು ಮಲಗಿ ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಮಾವನ ಕೈ ಸುಮ್ಮನಿರದು. ತಮ್ಮದೇ ತೊಡೆಯನ್ನು ಅದುಮಿ ಅದುಮಿ ನಾದುತ್ತ ಕೂರುತ್ತಿದ್ದರು.

"ರೀ, ಅದು ಕಾಲು. ಬಿಡಿ, ಉಬ್ಬಲ್ಲ," ಅನ್ನುತ್ತಿದ್ದರು ಅತ್ತೆ.

ಅವರನ್ನು ಕಾಪಾಡಿದ್ದು ಚಿಟಿಕೆ. ಹುಟ್ಟಿದಾಗ ಒಂದು ಚಿಟಿಕೆಯಷ್ಟೇ ಇದ್ದಳು ಎಂದು ಮೊಮ್ಮಗಳಿಗೆ ಆ ಹೆಸರು. ಈಗ ಏಳು ವರ್ಷ, ಬಾಯಿಗೆ ಮಾತ್ರ ಎಪ್ಪತ್ತು. ಅವಳು ತಾತನ ಕೈ ಹಿಡಿದು ಮರಳಿಗೆಳೆದಳು. ಅಲೆ ಹಿಂದೆ ಸರಿದಾಗ ಅದರ ಬೆನ್ನು ಹತ್ತಿ ಓಡಿ, ಅಲೆ ಬಂದಾಗ ಪುಟುಪುಟು ಕಾಲಿಟ್ಟು ವಾಪಸು ಓಡುವ ಬೂದು ಹಕ್ಕಿಗಳ ಗುಂಪೊಂದು ಅಲ್ಲಿತ್ತು.

"ನೋಡು ತಾತ, ಬಿಸಿ ಬನ್ನು ಅಂದ್ರೆ ಓಡಿ ಬರ್ತಾವೆ, ಬಾಕಿ ಕೊಡಿ ಅಂದ್ರೆ ಓಡಿ ಹೋಗ್ತಾವೆ."

"ನಮ್ಮ ಬೀದಿಯವೇ ಇರ್ಬೇಕು," ಅಂದರು ಮಾವ. ಅವರು ನಕ್ಕದ್ದನ್ನು ಸೊಸೆ ಜಗಲಿಯಿಂದ ನೋಡಿ, ಈ ಮನುಷ್ಯನಿಗೆ ಹಲ್ಲು ಇಷ್ಟು ಸರಿಯಾಗಿವೆಯೇ ಎಂದು ಬೆರಗಾದಳು.

ಆಮೇಲೆ ತಾತ, ಮೊಮ್ಮಗಳು ಚಿಪ್ಪು ಆರಿಸುವ ಹುಚ್ಚಿಗೆ ಬಿದ್ದರು. ಬೆಳಿಗ್ಗೆ ಹೋದರೆ ಊಟಕ್ಕೆ ಕರೆದು ಕರೆದು ಗಂಟಲು ಹರಿಯಬೇಕು. ಬೀಸಣಿಗೆಯಂಥವು, ಸುರುಳಿಯವು, ಒಳಗೆ ಗುಲಾಬಿ ಬಣ್ಣ ಬಳಿದಂಥವು. ಉಡಿ ತುಂಬ ತಂದು ಜಗಲಿಯಲ್ಲಿ ಸುರಿಯುವರು. ಮಾವನದು ಅಲ್ಲೂ ಅಂಗಡಿಯ ಶಿಸ್ತು. ಬೆಂದ ಬ್ರೆಡ್ಡನ್ನು ತಿರುವಿ ತಳಕ್ಕೆ ಬೆರಳಿನಿಂದ ತಟ್ಟಿ ನೋಡುವುದು ಅವರ ಕ್ರಮ. ಟೊಳ್ಳು ಸದ್ದು ಬಂದರೆ ಬೆಂದಿದೆ, ಮಂಕು ಸದ್ದು ಬಂದರೆ ಒಳಗಿನ್ನೂ ಹಸಿ. ಈಗ ಒಂದೊಂದೇ ಶಂಖುವನ್ನು ಕಿವಿಯ ಹತ್ತಿರ ಹಿಡಿದು ತಟ್ಟುವರು.

"ಇದು?"

"ಬೆಂದಿದೆ," ಅನ್ನುವಳು ಚಿಟಿಕೆ.

"ಇದು?"

"ಮಂಕು. ಬೆಂದಿಲ್ಲ ತಾತ."

"ಹಾಗಾದ್ರೆ ಎತ್ತಿಡು. ಕತ್ತಲಲ್ಲಿ ನಾಲ್ಕು ದಿನ ಕೂತ್ರೆ ಹದಕ್ಕೆ ಬರುತ್ತೆ."

ಭಾರವಾದ, ತಟ್ಟಿದರೆ ಸದ್ದು ಬಾರದ ಆ ದಪ್ಪ ಶಂಖುಗಳೇ ನೋಡಲು ಎಲ್ಲಕ್ಕಿಂತ ಚಂದ. ಅವೆಲ್ಲ ಒಂದು ರಟ್ಟಿನ ಪೆಟ್ಟಿಗೆ ಸೇರಿ ಅಟ್ಟ ಹತ್ತಿದವು. ಮುಂದೇನಾಯಿತೆಂದು ಕೆಳಗಿನವರಾರೂ ಕೇಳಲಿಲ್ಲ. ಅಜ್ಜ ಮೊಮ್ಮಗಳ ಗುಟ್ಟಿಗೆ ಯಾರು ಕೈ ಹಾಕುತ್ತಾರೆ?

ಎರಡನೆಯ ವಾರ ಮನೆ ನಾರತೊಡಗಿತು. ಮೊದಲು ಸಣ್ಣಗೆ, ಗಾಳಿ ತಿರುಗಿದಾಗ ಮಾತ್ರ. ಆಮೇಲೆ ಊಟಕ್ಕೆ ಕೂತಾಗಲೂ. ಗಂಡ ಆಲೂಗಡ್ಡೆಯ ಪಲ್ಯ ತಟ್ಟೆಗೆ ಬಡಿಸಿಕೊಂಡು ಅಲ್ಲೇ ನಿಂತ.

"ಏನೇ ಇದು, ಅಡುಗೆಮನೇಲಿ ಏನೋ ಸತ್ತಿದೆ."

"ಬೆಳಿಗ್ಗೇನೇ ತೊಳ್ದಿದ್ದೀನಿ."

"ತೊಳೆದ ನಾತ ಹೀಗಿರುತ್ತಾ?"

"ಕಡಲು ಅಂದ್ಮೇಲೆ ನಾತ ಇದ್ದದ್ದೇ ಕಣೋ, ಸುಮ್ನೆ ತಿನ್ನು," ಎಂದು ಅತ್ತೆ ಬಾಯಿ ಹಾಕಿದರು. ಅತ್ತೆ ತನ್ನ ಪರ ಮಾತಾಡಿದ್ದು ಸೊಸೆಗೆ ಹೊಸದು. ಹೊಸದಾದ್ದರಿಂದಲೇ ಅವಳು ತಲೆಯೆತ್ತಿ ನೋಡಿದಳು. ಅತ್ತೆ ಅವಳ ಕಡೆ ನೋಡದೆ, ಅಟ್ಟದ ಹಲಗೆಗಳ ಕಡೆ ನೋಡುತ್ತಿದ್ದರು. ಮಾವ ಮಾತ್ರ ಯಾವ ಗೊಡವೆಯೂ ಇಲ್ಲದೆ ಎರಡನೆಯ ಸಲ ಬಡಿಸಿಕೊಂಡರು.

ಸೊಸೆ ಮೋರಿ ತೊಳೆದಳು, ಕಸದ ಬುಟ್ಟಿ ಬಿಸಿಲಿಗೆ ಹಾಕಿದಳು, ಪಾತ್ರೆಯ ಗೂಡನ್ನು ಎಳೆದು ಹಿಂದೆ ಇಲಿ ಸತ್ತಿದೆಯೇ ನೋಡಿದಳು. ರಜೆಯಂತೆ ರಜೆ. ಮನೆಯಲ್ಲಿ ಒಂದು ಮೋರಿ, ಇಲ್ಲಿ ಇನ್ನೊಂದು.

ಒಂದು ಮಧ್ಯಾಹ್ನ ಹಾಸಿಗೆಯ ಬಟ್ಟೆ ಒಗೆಯಲೆಂದು ಅವಳು ಏಣಿ ಹತ್ತಿದಳು. ಅಟ್ಟದ ಬಾಗಿಲು ತೆರೆದದ್ದೇ ತಲೆ ಗಿರ್ರೆಂದಿತು. ಸೆರಗು ಮೂಗಿಗೊತ್ತಿ ಹಿಡಿದಳು. ಕಿಟಕಿಯಿಂದ ಬಿಸಿಲು ಹಾಲಿನಂತೆ ಹರಿದು ಮಂಚದ ಮೇಲೆ ಬಿದ್ದಿತ್ತು. ಮಾವ ಬಾಯಿ ಸ್ವಲ್ಪ ತೆರೆದು, ಒಂದು ಕೈ ಎದೆಯ ಮೇಲಿಟ್ಟು ಮಗುವಿನ ಹಾಗೆ ನಿದ್ದೆ ಹೋಗಿದ್ದರು. ನೊಣಗಳು ಮಂಚದ ಕೆಳಗಿನಿಂದ ಬಂದು ಕೆಳಕ್ಕೇ ಹೋಗುತ್ತಿದ್ದವು.

ಅವಳು ಬಗ್ಗಿ ಪೆಟ್ಟಿಗೆ ಎಳೆದಳು. ಮೇಲೆ ಒದ್ದೆ ಬಟ್ಟೆ. ಸುಮ್ಮನೆ ಎಸೆದದ್ದಲ್ಲ; ನಾಲ್ಕೂ ಅಂಚು ಒಳಕ್ಕೆ ಮಡಿಸಿ, ಗಾಳಿ ತಾಗದಂತೆ ಸಿಕ್ಕಿಸಿ, ಹುದುಗಲು ಇಟ್ಟ ಹಿಟ್ಟಿಗೆ ಮಾವ ಹೊದಿಸುತ್ತಿದ್ದರಲ್ಲ, ಹಾಗೆ ಹೊದಿಸಿದ್ದು. ಬಟ್ಟೆ ಎತ್ತಿದರೆ ಒಳಗಿನದ್ದು ಹೇಳುವಂಥದ್ದಲ್ಲ. ಸದ್ದು ಬಾರದ ಆ ದಪ್ಪ ಶಂಖುಗಳೊಳಗೆ ಜೀವವಿತ್ತು. ಅದು ಸತ್ತು ಅದೆಷ್ಟು ದಿನವಾಗಿತ್ತೋ.

ಇಷ್ಟು ನಾತದ ಮೇಲೆ ತಲೆಯಿಟ್ಟು ಮಲಗಿದ್ದಾರೆ ಇವರು. ಅವಳು ಮಲಗಿದವರ ಮುಖವನ್ನೇ ನೋಡುತ್ತ ನಿಂತಳು. ಒಂದೊಂದಾಗಿ ನೆನಪು ಬಂತು. ಒಳಮನೆಯಲ್ಲಿ ಸೀದ ವಾಸನೆ ಗಂಟಲು ಹಿಡಿಯುವಾಗ ಒಲೆಗೆ ಬೆನ್ನು ಹಾಕಿ ನಿಂತ ಮಾವ. ಅದಕ್ಕೂ ಮೊದಲು ಸ್ಟೂಲಿನ ಮೇಲೆ ಅತ್ತೆ. "ರೀ, ಚಹಾ ಆರಿಹೋಯ್ತು." "ರೀ, ಸೊಂಟ ಹಿಡ್ಕೊಂಡಿದೆ." ಅವರು ಹಾಗೆ ಕಾಟ ಕೊಟ್ಟಾಗಲೆಲ್ಲ ಮಾವ ಗೊಣಗುತ್ತ ಎದ್ದು, ಉದ್ದ ಹಿಡಿಯ ಸಟ್ಟುಗ ಹಾಕಿ ತಟ್ಟೆ ಎಳೆಯುತ್ತಿದ್ದರು. ಬ್ರೆಡ್ಡು ಆಗ ಒಮ್ಮೆಯೂ ಸೀಯಲಿಲ್ಲ.

ಅವಳು ಪೆಟ್ಟಿಗೆಯನ್ನು ಎದೆಗವಚಿ ಏಣಿ ಇಳಿದಳು. ಮನೆಯ ಹಿಂದೆ ಗುಂಡಿ ತೋಡಿ ಒಳಗಿದ್ದುದನ್ನೆಲ್ಲ ಮರಳಿಗೆ ಹಾಕಿದಳು. ಚಿಟಿಕೆ ಬಂದು ಕಣ್ಣರಳಿಸಿ ನಿಂತಳು.

"ಅಮ್ಮ, ತೆಗೆದುಬಿಟ್ಯಾ? ನಡುವೆ ತೆಗೆದು ನೋಡಿದ್ರೆ ಉಬ್ಬಲ್ಲ ಅಂದಿದ್ರು ತಾತ."

"ನಾತ ಬರ್ತಿದೆ ಅಂತ ತಾತನಿಗೆ ಹೇಳಲಿಲ್ವಾ ನೀನು?"

"ಹೇಳ್ದೆ. ಹುದುಗು ಬರೋವಾಗ ಹಾಗೇ ಅಂದ್ರು."

ಪೇಟೆಗೆ ಹೋಗಿದ್ದ ಗಂಡ ಅಷ್ಟರಲ್ಲಿ ಚೀಲ ಹಿಡಿದು ಹಿಂದಿನ ಬಾಗಿಲಿಗೆ ಬಂದ. "ಕಡೆಗೂ ಸಿಕ್ತಾ? ಏನದು?"

ಹೇಳಿಬಿಡಬಹುದಿತ್ತು. ಒಂದು ವರ್ಷದ ಬೈಗುಳವನ್ನೆಲ್ಲ ಒಂದೇ ಮಾತಿನಲ್ಲಿ ತೊಳೆದುಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು.

"ಮೀನಿನ ತಲೆ. ಮೋರಿ ಹಿಂದೆ ಬಿದ್ದಿತ್ತು. ನಾನೇ ಮರೆತಿದ್ದೆ."

"ಅಲ್ವೇ, ಇಷ್ಟು ದಿನ ಪಕ್ಕದಲ್ಲೇ ಅಡುಗೆ ಮಾಡ್ಕೊಂಡಿದ್ದೀಯಲ್ಲ. ಮೂಗಿದೆಯೋ ಇಲ್ವೋ ನಿನಗೆ?"

ಅವಳಿಗೆ ನಗು ಬಂತು, ಅಳುವೂ ಬಂತು. ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಬಿಸಿಲಿನಲ್ಲಿ ಬಾಯಿ ತೆರೆದು ಮಲಗಿದ್ದ ಆ ಮುಖ ಕಣ್ಣ ಮುಂದೆ ಬಂದಿತ್ತು, ಅಷ್ಟೇ.

ಆದರೆ ಅತ್ತೆಯನ್ನು ಅವಳು ಬಿಡಲಿಲ್ಲ. ಸಂಜೆ ಇಬ್ಬರೂ ಜಗಲಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದರು. ಉಳಿದವರು ದೂರ, ನೀರಿನ ಅಂಚಿನಲ್ಲಿ ಮೂರು ಚುಕ್ಕೆ.

"ಅತ್ತೆ, ನಿಮಗೆ ಗೊತ್ತಿತ್ತು ಅಲ್ವಾ?"

"ಏನು?"

"ಮಾವನಿಗೆ ವಾಸನೆ ಗೊತ್ತಾಗಲ್ಲ ಅಂತ."

ಅತ್ತೆ ಇನ್ನೂ ಎರಡು ಕಾಯಿ ಸುಲಿದರು. "ಜೊತೇಲಿ ಬಾಳುವೆ ಮಾಡಿದವಳಿಗೆ ಗೊತ್ತಾಗದೆ ಬೀದಿಯವರಿಗೆ ಗೊತ್ತಾಗುತ್ತಾ?"

"ಗೊತ್ತಿದ್ದೂ ನನ್ನನ್ನ ಬೈಸಿದ್ರಿ."

"ನಾನೆಲ್ಲಿ ಬೈಸಿದೆ?"

"ಬೈಯೋವಾಗ ಸುಮ್ನಿದ್ರಿ. ಅದು ಬೇರೆ, ಇದು ಬೇರೆನಾ?"

ಅತ್ತೆಯ ದನಿ ತಗ್ಗಿತು. "ನೋಡು, ನಿನ್ನ ಮೇಲೆ ಬಂದ ಮಾತು ನಾಳೆ ಹೋಗುತ್ತೆ. ಅವರ ಮೇಲೆ ಬಂದ್ರೆ ಹೋಗಲ್ಲ. ಮೂಗಿಲ್ಲದವನ ಬ್ರೆಡ್ಡು ಅಂತ ಊರು ನಗುತ್ತೆ. ಆ ಮನುಷ್ಯ ಉಳೀತಾರಾ ಆಮೇಲೆ?"

"ಮತ್ತೆ ನಾನು?"

"ನೀನು ಚಿಕ್ಕವಳು. ತಡ್ಕೋತೀಯ ಅಂದ್ಕೊಂಡೆ." ಅತ್ತೆ ಬಟ್ಟಲನ್ನು ಪಕ್ಕಕ್ಕಿಟ್ಟು ಅವಳ ಮೊಣಕೈ ಹಿಡಿದರು. "ಈಗ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು. ಊರಿಗೆ ಹೋದ್ಮೇಲೆ ಬೆಂದಿದ್ದು ಗೊತ್ತಾದ ಕೂಡ್ಲೇ ನೀನು ಒಂಚೂರು ಕೆಮ್ಮು. ಅವರಿಗೆ ನಾನು ಹೇಳಿರ್ತೀನಿ. ಬ್ರೆಡ್ಡೂ ಸೀಯಲ್ಲ, ನಿನ್ನ ಜಾಗವೂ ಹೋಗಲ್ಲ. ಯಾರಿಗೂ ಗೊತ್ತಾಗೋದೂ ಬೇಡ."

ಸೊಸೆ ಕೈ ಬಿಡಿಸಿಕೊಂಡಳು. "ಕೆಮ್ಮಲ್ಲ ಅತ್ತೆ."

"ಯಾಕೆ?"

"ಕೆಮ್ಮಿ ಕೆಮ್ಮಿ ನಿಮ್ಮ ಥರ ಸ್ಟೂಲ್ ಮೇಲೆ ಮುದುಕಿ ಆಗಲ್ಲ ನಾನು. ಕಾಟ ಕೊಡೋಳು ಅಂತಾನೇ ಎಲ್ಲರೂ ನಿಮ್ಮನ್ನ ನೋಡಿ ನಕ್ಕಿದ್ದು. ಆಯ್ತು ಅಂದ್ರೆ ಆಯ್ತು ಅಂತ ಬಾಯಿಬಿಟ್ಟು ಹೇಳ್ತೀನಿ. ಕೇಳೋ ಹಾಗಿದ್ರೆ ನಿಲ್ತೀನಿ, ಇಲ್ದಿದ್ರೆ ಪೊಟ್ಟಣ ಕಟ್ತೀನಿ."

ಅತ್ತೆಯ ಮುಖ ಸಣ್ಣದಾಯಿತು. ಅಂದು ರಾತ್ರಿ ಹಸಿವಿಲ್ಲವೆಂದರು, ಮರುದಿನ ತಲೆನೋವೆಂದರು. ಸೊಸೆ ಬಡಿಸಿದ್ದನ್ನು ಮುಟ್ಟದೆ ಬಿಸ್ಕತ್ತು ನೆನೆಸಿ ತಿಂದರು. ಬೂದಿ ಮುಚ್ಚಿದ ಕೆಂಡದಂತೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಓಡಾಡಿದರು. ಗಂಡನಿಗೆ ಅದರ ಬಿಸಿ ತಾಗಲಿಲ್ಲ. ಗಂಡಸರಿಗೆ ಇಂಥವು ತಾಗುವುದು ಅನ್ನ ಹೊತ್ತಿದ ಮೇಲೆಯೇ.

ಅಟ್ಟದ ಪೆಟ್ಟಿಗೆ ಮಾಯವಾದದ್ದನ್ನು ಮಾವ ಕೇಳಲಿಲ್ಲ. ಗುಂಡಿಗೆ ಹಾಕಿದ್ದ ಶಂಖುಗಳನ್ನು ಇರುವೆಗಳು ಚೊಕ್ಕಟ ಮಾಡಿದ ಮೇಲೆ ಸೊಸೆ ಹೊರತೆಗೆದು, ಉಪ್ಪುನೀರಲ್ಲಿ ಜಾಲಿಸಿ, ಹಿಂದಿನ ಗೋಡೆಯ ಮೇಲೆ ಸಾಲಾಗಿ ಒಣಗಲಿಟ್ಟಳು. ಹಲ್ಲುಜ್ಜುತ್ತ ಬಂದ ಮಾವ ಅವುಗಳ ಮುಂದೆ ನಿಂತರು. ಒಂದನ್ನು ಎತ್ತಿ, ತಟ್ಟಿ, ಕಿವಿಗೆ ಹಿಡಿದರು. ಟೊಳ್ಳು ಸದ್ದು. ತಿರುಗಿ ಅವಳನ್ನು ನೋಡಿದರು. ಅವಳು ಬಟ್ಟೆ ಹಿಂಡುತ್ತಿದ್ದಳು, ನೋಡಿದರೂ ನೋಡದವಳ ಹಾಗೆ. ಅಡುಗೆಮನೆಯಿಂದ ಗಂಡನ ದನಿ ಕೇಳುತ್ತಿತ್ತು: "ಇವಳ ಮೀನಿನ ತಲೆ ದೆಸೆಯಿಂದ ನಾಲ್ಕು ದಿನ ಊಟ ಸೇರಲಿಲ್ಲ ಕಣಮ್ಮ." ಮಾವ ಶಂಖುವನ್ನು ಮೆಲ್ಲಗೆ, ಇದ್ದ ಜಾಗದಲ್ಲೇ ಇಟ್ಟು ಒಳಗೆ ಹೋದರು.

ಅಂದಿನಿಂದ ಅವರು ಮಾತು ಕಡಿಮೆ ಮಾಡಿದರು. ಚಿಟಿಕೆಯ ಜೊತೆ ಹೋಗುವುದೇನೋ ಹೋಗುತ್ತಿದ್ದರು. ಆದರೆ ಶಂಖು ತಟ್ಟಿ ಸದ್ದು ಬಾರದಿದ್ದರೆ, "ಇದರೊಳಗೆ ಯಾರೋ ಇದ್ದಾರೆ, ಮನೆಗೆ ಕಳಿಸು," ಎಂದು ನೀರಿಗೆ ಬಿಡಿಸುತ್ತಿದ್ದರು. ಬಂಡೆಯ ಸಂದಿನ ನೀರಲ್ಲಿ ಕೆಂಪು ನಕ್ಷತ್ರಮೀನು ನೋಡಿದರು, ಅಡ್ಡಡ್ಡ ಓಡುವ ಏಡಿಗಳನ್ನು ನೋಡಿದರು. ಒಂದು ಸಂಜೆ ಕಡಲು ಎಣ್ಣೆ ಸವರಿದಂತೆ ನುಣ್ಣಗಿದ್ದಾಗ, ದಂಡೆಗೆ ಬಹಳ ಹತ್ತಿರ, ಡಾಲ್ಫಿನ್ನುಗಳ ಬೆನ್ನು ಒಂದಾದ ಮೇಲೊಂದು ಎದ್ದು ಮುಳುಗಿದವು. ಅವುಗಳ ಉಸಿರಿನ ಸದ್ದು ಸಹ ಕೇಳಿತು. ಅತ್ತೆ ಮಂಡಿ ನೋವು ಮರೆತು ನೀರಿನ ತನಕ ನಡೆದು ಬಂದಿದ್ದರು. ಜೋಲಿ ತಪ್ಪದಿರಲೆಂದು ಅವರು ಹಿಡಿದದ್ದು ಸೊಸೆಯ ಭುಜವನ್ನು. ಅವಳೂ ಸರಿಯಲಿಲ್ಲ. ಐದು ಜನ ಪಾದ ನೆನೆಸಿಕೊಂಡು, ಬೆಳಕು ಪೂರ್ತಿ ಹೋಗುವ ತನಕ ನಿಂತರು. ಅಷ್ಟು ಹೊತ್ತು ಆ ಮನೆಯಲ್ಲಿ ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ.

"ಇನ್ನೊಂದು ವಾರ ಇದ್ದುಬಿಡೋಣ," ಅಂದರು ಮಾವ, ಕತ್ತಲಿಗೆ ಹೇಳುವವರಂತೆ.

ಹಾಗೆ ಹೇಳಿದ ಮಾತನ್ನು ಅವರು ಎರಡು ದಿನ ಕಳೆದು ತಿಂಡಿಯ ಹೊತ್ತಿನಲ್ಲೂ ಹೇಳಿದರು. ಗಂಡ ಆಗಷ್ಟೇ ಫೋನು ಕೆಳಗಿಟ್ಟಿದ್ದ. ಮೇಜಿನ ಮೇಲೆ ಬೇಯಿಸಿದ ಮೊಟ್ಟೆ, ಚಹಾ, ಮೂಲೆಯಂಗಡಿಯಿಂದ ತಂದ ಬ್ರೆಡ್ಡು ಇದ್ದವು.

"ಒಲೆ ಒಣಗಿದೆಯಂತೆ. ನಾಳೆ ಹೊರಡೋಣ," ಅಂದ ಗಂಡ.

"ಇನ್ನೊಂದು ವಾರ ಇರೋಣ ಅಂದ್ನಲ್ಲ."

"ಅಪ್ಪ, ಅಂಗಡಿ ಮುಚ್ಚಿ ಇಷ್ಟು ದಿನ ಆಯ್ತು. ಗಿರಾಕಿಗಳು ಬೇರೆ ಕಡೆ ದಾರಿ ನೋಡ್ಕೋತಾರೆ."

"ಹೊಸ ಗೋಡೆ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ."

"ಕಟ್ಟಿದ ಮೇಸ್ತ್ರಿನೇ ಸರಿ ಅಂತಿದ್ದಾನೆ. ನಿಮಗೆ ಏನು ಭಯ ಅಂತ ನನಗೆ ಗೊತ್ತು."

ಮಾವನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ನಿಂತಿತು.

"ಇವಳದ್ದು ತಾನೇ?" ಗಂಡ ಹೆಂಡತಿಯ ಕಡೆ ಗದ್ದ ತೋರಿಸಿದ. "ಮತ್ತೆ ಬ್ರೆಡ್ಡು ಸೀಸ್ತಾಳೆ ಅಂತ. ಅದರ ಚಿಂತೆ ಬಿಡಿ. ಆಳು ಗೊತ್ತು ಮಾಡಿದ್ದೀನಿ. ಇವಳು ಇನ್ಮೇಲೆ ಒಳಗೆ ಕಾಲಿಡಲ್ಲ."

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ತಟ್ಟೆಯ ಅಂಚಿನ ಮೊಟ್ಟೆಸಿಪ್ಪೆಯನ್ನು ಬೆರಳಿನಿಂದ ಕೂಡಿಸುತ್ತಿದ್ದರು. ಇನ್ನು ತಾನೇ ಹೇಳಬೇಕು, ಇನ್ನೂ ಸುಮ್ಮನಿದ್ದರೆ ತನ್ನಂಥ ಮೂರ್ಖಳಿಲ್ಲ ಎಂದು ಅವಳು ಉಸಿರೆಳೆದುಕೊಂಡಳು.

"ಈ ಬ್ರೆಡ್ಡು ಹೇಗಿದೆಯೋ?" ಎಂದು ಕೇಳಿದರು ಮಾವ.

ಮಗ ಗೊಂದಲದಿಂದ ನೋಡಿದ. "ಯಾವ ಬ್ರೆಡ್ಡು? ಇದಾ? ಹಳಸಿದೆ. ಹುಳಿ ನಾತ. ಅದಕ್ಕೇ ಯಾರೂ ಮುಟ್ಟಿಲ್ಲ."

"ನಾನು ಎರಡು ತುಂಡು ತಿಂದೆ."

"ಯಾಕೆ ತಿಂದ್ರಿ?"

"ಹಳಸಿದ್ದು ಗೊತ್ತಾಗ್ಲಿಲ್ಲ." ಮಾವ ಲೋಟ ಕೆಳಗಿಟ್ಟರು. "ನನಗೆ ಯಾವ ವಾಸನೆನೂ ಗೊತ್ತಾಗಲ್ಲ ಕಣೋ. ಮೂಗು ಮುಖದ ಮೇಲಿದೆ, ಅಷ್ಟೇ. ಮೀನಿನ ತಲೆ ಅಂತ ಮೊನ್ನೆಯಿಂದ ಕೂಗಾಡ್ತಿದ್ದೀಯಲ್ಲ, ಮೀನೂ ಇಲ್ಲ ತಲೆಯೂ ಇಲ್ಲ. ಜೀವ ಇದ್ದ ಶಂಖು ತಂದು ನನ್ನ ಮಂಚದ ಕೆಳಗೆ ಕೊಳೆಸಿದ್ದು ನಾನು. ಇವಳು ತನ್ನ ಮೇಲೆ ಹಾಕ್ಕೊಂಡ್ಲು. ಬ್ರೆಡ್ಡು ಸೀಸಿದ್ದೂ ನಾನೇ. ಆಯ್ತು ತೆಗೀರಿ ಅಂತ ಇವಳು ಪ್ರತಿ ಸಲ ಹೇಳಿದ್ಲು. ಕೇಳಿದ್ರೆ ನನ್ನ ಗುಟ್ಟು ರಟ್ಟಾಗುತ್ತೆ ಅಂತ ಕೇಳಲಿಲ್ಲ."

ಹೊರಗೆ ಅಲೆ ಬಂದು ಹೋಯಿತು.

"ಮತ್ತೆ ಒಲೆ?" ಅಂದ ಮಗ.

"ಒಲೆ ಸರಿಯಾಗೇ ಇತ್ತು."

"ಸರಿಯಾಗಿದ್ದ ಒಲೆ ಒಡೆಸಿದ್ರಾ ಅಪ್ಪ?"

"ಒಡೆಸಿದೆ. ಬೈಬೇಕು ಅನ್ಸಿದ್ರೆ ಬೈ. ಒಂದು ವರ್ಷ ಇವಳನ್ನ ಬೈದಿದ್ದೀವಲ್ಲ, ಅಷ್ಟೂ ನನಗೆ ಸೇರಬೇಕಾದದ್ದು." ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಒಂದು ಮಾತು ಕೇಳು. ನಾದೋದು ನಾನು, ಕೈ ಇನ್ನೂ ಸತ್ತಿಲ್ಲ. ಒಲೆ ಮುಂದೆ ಇವಳು ನಿಲ್ತಾಳೆ. ಇವಳು ತೆಗಿ ಅಂದಾಗ ತೆಗೀಬೇಕು. ನಾನೂ ಅಷ್ಟೇ, ನೀನೂ ಅಷ್ಟೇ."

ಗಂಡ ಹೆಂಡತಿಯ ಕಡೆ ತಿರುಗಿದ. ಅವನ ಮುಖ ಕೆಂಪಗಾಗಿತ್ತು. "ನೀನಾದ್ರೂ ಹೇಳಬಾರದಿತ್ತಾ?"

"ಹೇಳ್ತಾನೇ ಇದ್ದೆನಲ್ಲ," ಅಂದಳು ಅವಳು. "ಒಂದು ವರ್ಷದಿಂದ."

ಅವನು ಹಳಸಿದ ಬ್ರೆಡ್ಡನ್ನು ಎತ್ತಿಕೊಂಡು ಹೊರಗೆಸೆಯಲು ಹೋದ. ಎಸೆದವನು ಬೇಗ ಒಳಗೆ ಬರಲಿಲ್ಲ. ಕಡಲಹಕ್ಕಿಗಳ ಗದ್ದಲದ ನಡುವೆ ತಲೆ ಬಗ್ಗಿಸಿ ನಿಂತೇ ಇದ್ದ. ಅತ್ತೆ ಮೇಜು ಹಿಡಿದು ಎದ್ದರು, ಕುಂಟುತ್ತ ಹೋಗಿ ಹೊಸದಾಗಿ ಚಹಾ ಕಾಸಿದರು. ಮೊದಲ ಲೋಟವನ್ನು ಸೊಸೆಯ ಮುಂದಿಟ್ಟು, "ಸಕ್ಕರೆ ಸರಿ ಇದೆಯಾ ನೋಡು," ಅಂದರು. ಅವರ ಕಣ್ಣು ತುಂಬಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಎರಡೂ ಕಾಲ ಒಂದೇ ಮೇಜಿಗೆ ಬಂದು ಕೂತರೆ ಹೀಗೇ ಏನೋ.

ಸರಿ ಇದೆ ಎಂದಳು ಅವಳು. ನಿಜಕ್ಕೂ ಸರಿ ಇತ್ತು.

ಮಧ್ಯಾಹ್ನ ಕಳೆದು ನೀರಿಳಿಯಿತು. ಕಡಲು ಎಲ್ಲೋ ದೂರ ಸರಿದು, ಒದ್ದೆ ಮರಳಿನ ಬಯಲು ಆಕಾಶವನ್ನೇ ಹಾಸಿಕೊಂಡು ಮಲಗಿತ್ತು. ಬೆಳ್ಳಕ್ಕಿಯೊಂದು ತನ್ನ ನೆರಳಿನ ಮೇಲೆ ಒಂಟಿ ಕಾಲಲ್ಲಿ ನಿಂತಿತ್ತು. ಚಿಟಿಕೆ ಮುಂದೆ ಓಡುತ್ತಿದ್ದಳು. ಮಾವ, ಸೊಸೆ ಹಿಂದೆ, ಮೆಲ್ಲಗೆ. ಜೊತೆಯಲ್ಲಿ ನಡೆಯುವುದು ಇಬ್ಬರಿಗೂ ರೂಢಿಯಿಲ್ಲ. ಒಮ್ಮೆ ಅವರು ಮುಂದಾಗುವರು, ಒಮ್ಮೆ ಇವಳು.

"ನಿಜ ಹೇಳು, ತುಂಬಾ ನಾರ್ತಿತ್ತಾ?"

"ಊರು ಬಿಟ್ಟು ಓಡಿಹೋಗೋ ಹಾಗಿತ್ತು ಮಾವ."

ಅವರು ನಕ್ಕರು. ಅವಳೂ ನಕ್ಕಳು. ನಕ್ಕ ಮೇಲೆ ನಡಿಗೆ ಸಮವಾಯಿತು.

"ಕಡಲು ಹೇಗಿರುತ್ತೆ? ಅದರ ವಾಸನೆ?"

ಅವಳು ಯೋಚಿಸಿದಳು. "ಉಪ್ಪು. ಹಸಿ ಕಬ್ಬಿಣ. ಈಗಷ್ಟೇ ಒಗೆದ, ಇನ್ನೂ ಒಣಗದ ಬಟ್ಟೆ."

"ಈ ಪಾಚಿ?"

"ಕುಯ್ದಿಟ್ಟ ಸೌತೆಕಾಯಿ ಥರ. ಸ್ವಲ್ಪ ಹಳೇದು."

ಹೀಗೆ ಅವರು ಒಂದೊಂದನ್ನೇ ತೋರಿಸಿ ಕೇಳಿದರು, ಅವಳು ಹೇಳಿದಳು. ದಂಡೆಗೆ ಬಿದ್ದ ಮರದ ತುಂಡು, ದೋಣಿಯ ಹಗ್ಗ, ಒಣಗಿದ ಏಡಿಯ ಕಾಲು. ಮಗು ಹೊಸ ಮಾತು ಕಲಿಯುವಂತೆ ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಅವಳಿಗೆ ಎಷ್ಟು ಹೇಳಿದರೂ ಬೇಸರ ಬರಲಿಲ್ಲ.

"ನಿನ್ನ ಹೊಟ್ಟೇಲಿ ಚಿಟಿಕೆ ಇದ್ದಾಗ ನನಗೊಂದು ದೊಡ್ಡ ಜ್ವರ ಬಂತಲ್ಲ," ಅಂದರು ಮಾವ. "ಅದರ ಜೊತೆ ವಾಸನೆನೂ ಹೋಯ್ತು. ವಾಪಸು ಬರುತ್ತೆ ಅಂತ ಕಾದೆ. ಅವಳು ಹುಟ್ಟಿದ್ಲು. ನಿಮ್ಮತ್ತೆ ಎತ್ಕೊಂಡು ನೆತ್ತಿ ಮೂಸಿ, ಆಹಾ ಅಂದ್ಲು. ನಿನ್ನ ಗಂಡನೂ ಮೂಸಿದ, ಕಣ್ಣಲ್ಲಿ ನೀರು ತಂದ್ಕೊಂಡ. ಆಮೇಲೆ ನನ್ನ ಕೈಗೆ ಕೊಟ್ರು. ನಾನೂ ಮೂಸಿದೆ. ಆಹಾ ಅಂದೆ." ಅವರು ನಿಂತರು. "ಏನೂ ಇರಲಿಲ್ಲ ಕಣಮ್ಮ. ಗೋಡೆ ಮೂಸಿದ ಹಾಗೆ. ಬ್ರೆಡ್ಡು ಹೋದ್ರೆ ಹೋಗ್ಲಿ, ಅದೊಂದು ನನಗೆ ಸಿಗಲಿಲ್ಲವಲ್ಲ ಅಂತ ಈ ಏಳು ವರ್ಷ ಹೊಟ್ಟೆ ಉರಿದಿದೆ."

ತನ್ನನ್ನು ಬೈದು ಬೈದು ಅಳಿಸಿದ ಈ ಮನುಷ್ಯನ ಕೈ ಹಿಡಿಯಬೇಕೆಂದು ಅವಳಿಗನ್ನಿಸಿತು, ಹಿಡಿಯಲಿಲ್ಲ.

"ಹೇಗಿತ್ತು?" ಅಂದರು ಅವರು. "ಅವಳ ನೆತ್ತಿ."

ಚಿಟಿಕೆ ದೂರದಲ್ಲಿ ಹಕ್ಕಿಗಳ ಗುಂಪಿನ ನಡುವೆ ಕೈ ಅಗಲಿಸಿ ಓಡುತ್ತಿದ್ದಳು. ಸೊಸೆ ಕಣ್ಣು ಮುಚ್ಚಿದಳು. ಹಾಲು ಎನ್ನಬಹುದಿತ್ತು, ಬೆಚ್ಚಗಿನ ಬಟ್ಟೆ ಎನ್ನಬಹುದಿತ್ತು. ಯಾವುದೂ ಸರಿಯಿಲ್ಲ ಎನ್ನಿಸಿ ಇನ್ನಷ್ಟು ಹೊತ್ತು ಹುಡುಕಿದಳು. ಆಮೇಲೆ ಅದು ತಾನಾಗಿ ಬಂತು.

"ಹುದುಗು ಬಂದ ಹಿಟ್ಟಿನ ಮೇಲಿಂದ ಬಟ್ಟೆ ತೆಗೀತೀವಲ್ಲ ಮಾವ," ಅಂದಳು. "ಮೊದಲ ಸಲ ತೆಗೆದಾಗ ಬರುತ್ತಲ್ಲ, ಅದು. ಥೇಟ್ ಅದೇ."

ಮಾವನ ಎರಡೂ ಕೈ ತಾವಾಗಿ ಮೇಲೆದ್ದು, ಗಾಳಿಯಲ್ಲಿ, ಏನನ್ನೋ ಎತ್ತಿ ಹಿಡಿದವರಂತೆ ನಿಂತವು. ಆಮೇಲೆ ಮೂಗನ್ನು ಆ ಕೈಗಳ ತನಕ ತಂದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು.

"ಹಾಗಾದ್ರೆ ನನಗೆ ಗೊತ್ತು," ಅಂದರು.